ಕಾರಿನ ಕೀ ಕೊಡಿ, ಲೈಸೆನ್ಸ್ ನೋಡಿ ಕೊಡಿ

ಕಾರು ಕೇಳಿಕೊಂಡು ಬರುವವರು ಯಾರೂ ಗುರುತು ಪರಿಚಯ ಇಲ್ಲದವರಲ್ಲ. ಬಂದರೆ ಮೈದುನ ಬರ್ತಾನೆ, ಅಕ್ಕನ ಮಗ ಬರ್ತಾನೆ, ಇಲ್ಲಾಂದ್ರೆ ಎದುರು ಮನೆ ಹುಡುಗ. ‘ಅತ್ತಿಗೆ, ಅಣ್ಣನ ಕಾರು ಮನೇಲೇ ಇದೆ ಅಲ್ವಾ? ಗಾಂಧಿ ಬಜಾರ್‌ಗೆ ಹೋಗಿ ಹೂವು, ಬಾಳೆಕಂಬ ತಂದುಬಿಡ್ತೀನಿ’ ಅಂತಾನೆ. ಹಬ್ಬದ ಹಿಂದಿನ ದಿನ. ಯಜಮಾನರು ಮೆಟ್ರೋ ಹತ್ತಿ ಆಫೀಸಿಗೆ ಹೋಗಿರ್ತಾರೆ. ಒಲೆ ಮೇಲೆ ಒಗ್ಗರಣೆ ಚಟಪಟ ಅಂತಿರುತ್ತೆ. ಬಾಗಿಲ ಹಿಂದಿನ ಮೊಳೆಯಲ್ಲಿ ಕೀ ನೇತಾಡ್ತಿರುತ್ತೆ. ಆಗ ನೀವೇನು ಮಾಡ್ತೀರಿ?

ಇನ್ನೇನು, ‘ತಗೊಂಡು ಹೋಗಪ್ಪಾ’ ಅಂತೀರಿ. ಇಲ್ಲ ಅನ್ನೋದಕ್ಕೆ ನಾಲಿಗೆ ಏಳೋದಿಲ್ಲ. ದಾಕ್ಷಿಣ್ಯ!

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯಂಥ ಹಳೇ ಬಡಾವಣೆಗಳಲ್ಲಿ ಈ ದಾಕ್ಷಿಣ್ಯ ಸ್ವಲ್ಪ ಜಾಸ್ತಿಯೇ. ಅಕ್ಕಪಕ್ಕದವರು ಎರಡು ಮೂರು ತಲೆಮಾರಿನಿಂದ ಗೊತ್ತಿರುವವರು. ಹೆಪ್ಪಿಗೆ ಮೊಸರು, ಪೂಜೆಗೆ ವೀಳ್ಯದೆಲೆ, ಬಾಣಂತಿಯನ್ನು ಮನೆಗೆ ಕರೆತರಲು ಕಾರು... ಹೀಗೆ ಕೊಡು-ತಗೋ ನಡೆದುಕೊಂಡೇ ಬಂದಿದೆ. ಅದು ಹಾಗೇ ಇರಬೇಕು ಕೂಡ. ಆದರೆ ಹೆಪ್ಪಿನ ಮೊಸರಿಗೂ ಕಾರಿಗೂ ಒಂದು ವ್ಯತ್ಯಾಸ ಇದೆ. ಮೊಸರು ಕೆಟ್ಟರೆ ಹೋಗೋದು ಒಂದು ಪಾತ್ರೆ ಹಾಲು. ಕಾರು ಯಾರಿಗಾದರೂ ಗುದ್ದಿದರೆ?

ಓಡಿಸಿದ್ದು ಅವರು, ಕಾರು ನಮ್ಮದು. ಇನ್ಶೂರೆನ್ಸ್ ಬರುತ್ತಾ? ಬರದೇ ಹೋದರೆ ದುಡ್ಡು ಕಟ್ಟೋರು ಯಾರು? ಈ ಪ್ರಶ್ನೆ ನಮಗೆ ಹೊಳೆಯೋದು ಸಾಮಾನ್ಯವಾಗಿ ಅಪಘಾತ ಆದ ಮೇಲೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನೋ ಹಾಗೆ. ಇವತ್ತು ಒಲೆ ಉರಿಯುವಾಗಲೇ ಇದರ ಬಗ್ಗೆ ಮಾತಾಡೋಣ.

ವಿಮೆ ಇರೋದು ಕಾರಿಗೆ

ಮೊದಲು ಸಮಾಧಾನದ ಸುದ್ದಿ. ನಮ್ಮ ದೇಶದಲ್ಲಿ ಖಾಸಗಿ ಕಾರಿನ ವಿಮೆ ಕಾರಿನ ಜತೆಗೇ ಹೋಗುತ್ತದೆ. ಅಮೆರಿಕದಲ್ಲಿ ಮನೆಯಲ್ಲಿ ಕಾರು ಓಡಿಸುವವರ ಹೆಸರನ್ನೆಲ್ಲ ಪಾಲಿಸಿಯಲ್ಲಿ ಬರೆಸುವ ಪದ್ಧತಿ ಇದೆ. ಇಲ್ಲಿ ಹಾಗಿಲ್ಲ. ನಿಮ್ಮ ಪಾಲಿಸಿಯನ್ನು ಬೀರುವಿನಿಂದ ತೆಗೆದು ನೋಡಿ. ‘ಡ್ರೈವರ್’ ಅಂತ ಒಂದು ಪ್ಯಾರಾ ಇರುತ್ತದೆ. ಅದರ ಸಾರಾಂಶ ಇಷ್ಟೇ: ಪಾಲಿಸಿದಾರರೂ ಸೇರಿ ಯಾರು ಬೇಕಾದರೂ ಈ ಕಾರು ಓಡಿಸಬಹುದು. ಆದರೆ ಅಪಘಾತದ ಹೊತ್ತಿಗೆ ಅವರ ಹತ್ತಿರ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು. ಲೈಸೆನ್ಸ್ ಪಡೆಯುವುದಕ್ಕೆ ಅವರು ಅನರ್ಹರಾಗಿರಬಾರದು.

ಅಂದರೆ ಮೈದುನನ ಹೆಸರು ಪಾಲಿಸಿಯಲ್ಲಿ ಇಲ್ಲ ಅಂತ ಹೆದರಬೇಕಿಲ್ಲ. ಅವನ ಜೇಬಿನಲ್ಲಿ ಸರಿಯಾದ ಲೈಸೆನ್ಸ್ ಇದೆಯಾ ಅನ್ನೋದೇ ಪ್ರಶ್ನೆ. ಇಡೀ ವಿಷಯ ನಿಂತಿರೋದೇ ಈ ಒಂದು ಪುಟ್ಟ ಕಾರ್ಡಿನ ಮೇಲೆ!

ಪಾಲಿಸಿಯೊಳಗೆ ಏನೇನಿದೆ?

ಪಾಲಿಸಿಯಲ್ಲಿ ಮುಖ್ಯವಾಗಿ ಮೂರು ಭಾಗ.

ಮೊದಲನೆಯದು ಥರ್ಡ್ ಪಾರ್ಟಿ. ನಿಮ್ಮ ಕಾರಿನಿಂದ ಬೇರೆಯವರಿಗೆ ಆದ ನಷ್ಟಕ್ಕೆ ಇದು. 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಪ್ರಕಾರ ಇದು ಕಡ್ಡಾಯ. ಗಾಯ ಅಥವಾ ಸಾವಿಗೆ ಎಷ್ಟು ಪರಿಹಾರ ಅನ್ನೋದನ್ನು ನ್ಯಾಯಮಂಡಳಿ ತೀರ್ಮಾನಿಸುತ್ತದೆ. ಬೆಂಗಳೂರಿನಲ್ಲಿ ಈ ಕೇಸುಗಳನ್ನು ನೋಡುವುದು ಸ್ಮಾಲ್ ಕಾಸಸ್ ಕೋರ್ಟು. ಹೆಸರಲ್ಲಿ ‘ಸ್ಮಾಲ್’ ಇದ್ದರೂ ಅಲ್ಲಿನ ಮೊತ್ತ ಸಣ್ಣದಲ್ಲ. ಸತ್ತವರ ವಯಸ್ಸು, ಸಂಪಾದನೆ, ಅವರನ್ನೇ ನಂಬಿದವರು ಎಷ್ಟು ಜನ ಅಂತ ಲೆಕ್ಕ ಹಾಕಿ ಆದೇಶ ಬರುತ್ತದೆ. ಬೇರೆಯವರ ಆಸ್ತಿಗೆ ಆದ ನಷ್ಟಕ್ಕೆ ಮಾತ್ರ ಖಾಸಗಿ ಕಾರಿನ ಪಾಲಿಸಿಯಲ್ಲಿ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿ ಮಿತಿ.

ಎರಡನೆಯದು ಓನ್ ಡ್ಯಾಮೇಜ್. ಇದು ನಿಮ್ಮ ಕಾರಿನ ರಿಪೇರಿಗೆ. ‘ಹಳೇ ಕಾರು, ಥರ್ಡ್ ಪಾರ್ಟಿ ಒಂದಿದ್ರೆ ಸಾಕು’ ಅಂತ ಬಿಟ್ಟಿದ್ದರೆ, ಅಕ್ಕನ ಮಗ ಲೈಟ್ ಕಂಬಕ್ಕೆ ಗುದ್ದಿದಾಗ ನಿಮ್ಮ ಕಾರಿಗೆ ಒಂದು ಪೈಸೆಯೂ ಬರೋದಿಲ್ಲ. ಇನ್ನೊಂದು ವಿಷಯ ಗಮನಿಸಿ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ 3 ವರ್ಷಕ್ಕೆ ಮಾಡಿಸಬೇಕು. ಓನ್ ಡ್ಯಾಮೇಜ್ ಮಾತ್ರ ಬಹಳಷ್ಟು ಪಾಲಿಸಿಗಳಲ್ಲಿ 1 ವರ್ಷದ್ದು. ‘ಮೂರು ವರ್ಷ ಇನ್ಶೂರೆನ್ಸ್ ಯೋಚನೆ ಇಲ್ಲ’ ಅಂತ ಕೂತಿದ್ದರೆ ಎರಡನೇ ವರ್ಷಕ್ಕೆ ಅರ್ಧ ವಿಮೆ ಮಾಯವಾಗಿರುತ್ತೆ. ಎರಡೂ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಮೂರನೆಯದು ಪರ್ಸನಲ್ ಆಕ್ಸಿಡೆಂಟ್ ಕವರ್. 2018ರಲ್ಲಿ ಇದನ್ನು 15 ಲಕ್ಷ ರೂಪಾಯಿಗೆ ಏರಿಸಿದರು. ಇದು ‘ಓನರ್-ಡ್ರೈವರ್’ಗೆ ಮಾತ್ರ. ಆರ್‌ಸಿಯಲ್ಲಿ ಹೆಸರಿರಬೇಕು, ಲೈಸೆನ್ಸೂ ಇರಬೇಕು. ಕಾರು ಎರವಲು ತಗೊಂಡು ಹೋದವರಿಗೆ ಇದು ಅನ್ವಯಿಸೋದಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಲೈಸೆನ್ಸ್ ಇದೆ, ಆದರೆ ಯಾವುದು?

‘ಲೈಸೆನ್ಸ್ ಇದೆಯೇನೋ?’ ಅಂದರೆ ‘ಇದೆ ಆಂಟಿ’ ಅಂತಾನೆ ಎದುರು ಮನೆ ಹುಡುಗ. ಅವನು ಸುಳ್ಳು ಹೇಳ್ತಿಲ್ಲ. ಅವನ ಹತ್ತಿರ ಇರೋದು ಬೈಕ್ ಲೈಸೆನ್ಸ್! ಕಾರಿಗೆ ಲಘು ಮೋಟಾರು ವಾಹನದ ಲೈಸೆನ್ಸ್, ಅಂದರೆ ಎಲ್‌ಎಂವಿ ಬೇಕು. ಬರೀ ಬೈಕ್ ಲೈಸೆನ್ಸ್ ಇಟ್ಟುಕೊಂಡು ಕಾರು ಓಡಿಸಿದರೆ ಕಾನೂನಿನ ಕಣ್ಣಿಗೆ ಲೈಸೆನ್ಸ್ ಇಲ್ಲದ ಹಾಗೇ. ಕಾರ್ಡಿನ ಮೇಲೆ ‘ಎಲ್‌ಎಂವಿ’ ಅಂತ ಬರೆದಿದೆಯಾ ನೋಡಿ.

ಇನ್ನು ಅವಧಿ. ಮಾವನವರು 40 ವರ್ಷದಿಂದ ಕಾರು ಓಡಿಸ್ತಿದ್ದಾರೆ, ಒಂದು ಗೀರೂ ಬಿದ್ದಿಲ್ಲ ಅಂತ ನಮಗೆಲ್ಲ ಹೆಮ್ಮೆ. 55 ವರ್ಷ ದಾಟಿದ ಮೇಲೆ ಲೈಸೆನ್ಸನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಅದು ಮುಗಿದು ಎಷ್ಟು ದಿನವಾಯಿತೋ! ಇವತ್ತೇ ಒಮ್ಮೆ ನೋಡಿಬಿಡಿ. ಅವರ 40 ವರ್ಷದ ಅನುಭವವನ್ನು ವಿಮಾ ಕಂಪನಿ ಕೇಳೋದಿಲ್ಲ, ತಾರೀಖು ಕೇಳುತ್ತದೆ.

ಎಲ್‌ಎಲ್‌ಆರ್ ಇಟ್ಟುಕೊಂಡು ಈಗಷ್ಟೇ ಕಾರು ಕಲಿಯುತ್ತಿದ್ದೀರಾ? ಭಯ ಬೇಡ. ಕಲಿಯುವವರಿಗೂ ವಿಮೆ ಅನ್ವಯಿಸುತ್ತದೆ. ಆದರೆ ಪಕ್ಕದ ಸೀಟಿನಲ್ಲಿ ಪೂರ್ತಿ ಲೈಸೆನ್ಸ್ ಇರುವವರು ಕೂತಿರಬೇಕು, ಕಾರಿಗೆ ಹಿಂದೆ ಮುಂದೆ ಕೆಂಪು ‘ಎಲ್’ ಹಾಕಿರಬೇಕು. ಬೆಳಗ್ಗೆ ರಸ್ತೆ ಖಾಲಿ ಇದೆ ಅಂತ ಒಬ್ಬರೇ ಒಂದು ರೌಂಡ್ ಹೋಗಿಬರುವ ಆಸೆ ಆಗಬಹುದು. ಆ ಒಂದು ರೌಂಡಿಗೆ ವಿಮೆಯ ಆಸರೆ ಇರೋದಿಲ್ಲ.

ಲೈಸೆನ್ಸ್ ಇಲ್ಲದವರು ಗುದ್ದಿದರೆ?

ಗಾಂಧಿ ಬಜಾರಿನ ಹೂವಿನ ಅಂಗಡಿಗಳ ಮುಂದೆ, ಮಲ್ಲೇಶ್ವರದ 8ನೇ ಕ್ರಾಸಿನಲ್ಲಿ ಹಬ್ಬದ ದಿನ ಹೇಗಿರುತ್ತೆ ನಿಮಗೇ ಗೊತ್ತು. ಜನ ರಸ್ತೆಯಲ್ಲೇ ನಡೀತಾರೆ. ಅಂಥ ಕಡೆ ನಿಮ್ಮ ಕಾರು ಹೂವು ಮಾರುವ ಒಬ್ಬ ಹೆಂಗಸಿಗೆ ಗುದ್ದಿತು ಅಂದುಕೊಳ್ಳಿ. ಓಡಿಸುತ್ತಿದ್ದವನಿಗೆ ಲೈಸೆನ್ಸ್ ಇರಲಿಲ್ಲ. ಆಗ?

ನಿಮ್ಮ ಕಾರಿನ ರಿಪೇರಿ ಹಣವನ್ನಂತೂ ಮರೆತುಬಿಡಿ. ಇನ್ನು ಆ ಹೆಂಗಸಿಗೆ ಸಿಗಬೇಕಾದ ಪರಿಹಾರ. ಇಂಥ ಎಷ್ಟೋ ಪ್ರಕರಣಗಳಲ್ಲಿ ಕೋರ್ಟುಗಳು ಒಂದು ದಾರಿ ಹಿಡಿದಿವೆ. ‘ಗಾಯಗೊಂಡವರು ಕಾಯೋದು ಬೇಡ. ಮೊದಲು ಕಂಪನಿ ಹಣ ಕೊಡಲಿ, ಆಮೇಲೆ ಅದನ್ನು ಕಾರಿನ ಮಾಲೀಕರಿಂದ ವಸೂಲಿ ಮಾಡಿಕೊಳ್ಳಲಿ’ ಅಂತ. ಕರ್ನಾಟಕ ಹೈಕೋರ್ಟಿನ ಪೂರ್ಣಪೀಠವೂ 2020ರಲ್ಲಿ ಈ ‘ಮೊದಲು ಕೊಡಿ, ನಂತರ ವಸೂಲಿ ಮಾಡಿ’ ಅನ್ನುವ ದಾರಿಯನ್ನು ಎತ್ತಿಹಿಡಿಯಿತು. ಆ ಹೆಂಗಸಿನ ಸಂಸಾರಕ್ಕೆ ಇದು ನ್ಯಾಯ. ನಿಮಗೆ? ಕಂಪನಿ ಕಟ್ಟಿದ ಅಷ್ಟೂ ಲಕ್ಷದ ಬಿಲ್ಲು ಕೊನೆಗೆ ನಿಮ್ಮ ಮನೆ ಬಾಗಿಲಿಗೆ.

ಅಷ್ಟೇ ಅಲ್ಲ. ಲೈಸೆನ್ಸ್ ಇಲ್ಲದವರಿಗೆ ಕಾರು ಕೊಟ್ಟಿದ್ದೇ ಒಂದು ಅಪರಾಧ. 180ನೇ ಸೆಕ್ಷನ್ ಪ್ರಕಾರ ಮಾಲೀಕರಿಗೆ 5,000 ರೂಪಾಯಿ ದಂಡ, 3 ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಆಗಬಹುದು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನೋ ಗಾದೆ ಹುಟ್ಟಿದ್ದು ಕಾರು ಬರೋಕ್ಕಿಂತ ಎಷ್ಟೋ ಮುಂಚೆ. ಆದರೆ ಕಾರಿಗೆ ಎಷ್ಟು ಚೆನ್ನಾಗಿ ಒಪ್ಪುತ್ತೆ ನೋಡಿ!

ಹಾಗಾದರೆ ನಮ್ಮನ್ನು ಕಾಪಾಡೋದು ಯಾವುದು? ಸುಪ್ರೀಂ ಕೋರ್ಟ್ 2004ರ ಜನವರಿಯಲ್ಲಿ ಒಂದು ಮುಖ್ಯ ತೀರ್ಪು ಕೊಟ್ಟಿದೆ. ಓಡಿಸಿದವರಿಗೆ ಲೈಸೆನ್ಸ್ ಇರಲಿಲ್ಲ ಅಂತ ಹೇಳಿದರೆ ಸಾಲದು, ಮಾಲೀಕರು ಎಚ್ಚರ ವಹಿಸಲಿಲ್ಲ ಅನ್ನೋದನ್ನೂ ಕಂಪನಿಯೇ ಸಾಬೀತು ಮಾಡಬೇಕು ಅಂತ. 2020ರಲ್ಲಿ ಅದೇ ಕೋರ್ಟು ಇನ್ನೊಂದು ಮಾತು ಹೇಳಿತು. ಡ್ರೈವರನ್ನು ಇಟ್ಟುಕೊಳ್ಳುವವರು ಲೈಸೆನ್ಸ್ ತೋರಿಸಿಕೊಂಡು, ಓಡಿಸೋಕೆ ಬರುತ್ತಾ ಅಂತ ನೋಡಿದ್ದರೆ ಸಾಕು. ಅದು ಅಸಲಿಯೋ ನಕಲಿಯೋ ಅಂತ ಆರ್‌ಟಿಓ ಕಚೇರಿಗೆ ಹೋಗಿ ವಿಚಾರಿಸಬೇಕು ಅಂತ ನಿರೀಕ್ಷಿಸುವ ಹಾಗಿಲ್ಲ.

ಗೊತ್ತಾಯಿತಾ? ನೀವು ‘ಲೈಸೆನ್ಸ್ ತೋರಿಸಪ್ಪಾ’ ಅಂತ ಕೇಳೋ ಆ ಒಂದು ಮಾತೇ ನಾಳೆ ಕೋರ್ಟಿನಲ್ಲಿ ನಿಮ್ಮ ರಕ್ಷಣೆ. ಅವನು ವಾಟ್ಸಾಪಿನಲ್ಲಿ ಕಳಿಸಿದ ಲೈಸೆನ್ಸ್ ಫೋಟೋ ನಿಮ್ಮ ಸಾಕ್ಷಿ.

ಕಾರು ಯಾರ ಹೆಸರಿನಲ್ಲಿದೆ?

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಸಾಲಕ್ಕೆ ಅನುಕೂಲ ಅಂತಲೋ, ‘ಲಕ್ಷ್ಮಿ ಹೆಸರಲ್ಲಿ ಇರಲಿ’ ಅಂತಲೋ ಎಷ್ಟೋ ಮನೆಗಳಲ್ಲಿ ಕಾರನ್ನು ಹೆಂಡತಿ ಹೆಸರಿನಲ್ಲಿ ತಗೊಂಡಿರ್ತಾರೆ. ಆಕೆ ಸ್ಟಿಯರಿಂಗ್ ಮುಟ್ಟಿಯೇ ಇರೋದಿಲ್ಲ. ಗಂಡ, ಗಂಡನ ತಮ್ಮ, ಗಂಡನ ಫ್ರೆಂಡು ಎಲ್ಲರೂ ಓಡಿಸ್ತಾರೆ. ಅಪಘಾತ ಆದರೆ ಕ್ರಿಮಿನಲ್ ಕೇಸು ಓಡಿಸಿದವರ ಮೇಲೆ. ಪರಿಹಾರದ ಕೇಸಿನ ನೋಟಿಸು ಮಾತ್ರ ಆರ್‌ಸಿಯಲ್ಲಿ ಹೆಸರಿರುವವರಿಗೂ ಬರುತ್ತದೆ, ಅಂದರೆ ನಿಮಗೆ! ವಸೂಲಿ ಅಂತ ಹೊರಟರೆ ಕೈ ಹಾಕೋದು ನಿಮ್ಮ ಹೆಸರಿನ ಎಫ್‌ಡಿಗೆ, ನಿಮ್ಮ ಹೆಸರಿನ ಸೈಟಿಗೆ.

ಹಾಗಿದ್ದ ಮೇಲೆ ಕೀ ಯಾರಿಗೆ ಕೊಡಬೇಕು ಅನ್ನೋ ಮಾತಿನಲ್ಲಿ ನಿಮ್ಮ ಮಾತೂ ನಡೆಯಬೇಕೋ ಬೇಡವೋ? ‘ನಿನಗೇನು ಗೊತ್ತು ಸುಮ್ನಿರು’ ಅಂದರೆ ಸುಮ್ಮನಿರಬೇಡಿ. ಹೊಣೆ ನಿಮ್ಮದಾದರೆ ಕೇಳುವ ಹಕ್ಕೂ ನಿಮ್ಮದೇ.

ಇನ್ನೊಂದು ತೊಡಕೂ ಇದೆ. ಕಾರು ನಿಮ್ಮ ಹೆಸರಿನಲ್ಲಿ, ನಿಮಗೆ ಲೈಸೆನ್ಸ್ ಇಲ್ಲ, ಓಡಿಸೋದು ಯಜಮಾನರು ಅಂತಾದರೆ ಆ 15 ಲಕ್ಷದ ಓನರ್-ಡ್ರೈವರ್ ಕವರ್ ಇಬ್ಬರಿಗೂ ಇಲ್ಲ. ಅವರ ಹೆಸರಿನಲ್ಲಿ ಬೇರೆ ಪರ್ಸನಲ್ ಆಕ್ಸಿಡೆಂಟ್ ಪಾಲಿಸಿ ಇದೆಯಾ ಅಂತ ಈ ಭಾನುವಾರ ಕಾಫಿ ಕುಡಿಯುವಾಗ ಕೇಳಿ ನೋಡಿ.

ಇಳಕಲ್ಲಿನ ಒಂದು ಬೈಕು

ಎರವಲು ಗಾಡಿ ಅಂದಾಗ ನೆನಪಾಗುವುದು ನಮ್ಮ ಕರ್ನಾಟಕದ್ದೇ ಒಂದು ಪ್ರಕರಣ. ಇಳಕಲ್ಲಿನಿಂದ ತನ್ನೂರು ಗುಡೂರಿಗೆ ಹೋಗಲು ಒಬ್ಬಾತ ಬೇರೆಯವರ ಬೈಕ್ ಕೇಳಿ ತಗೊಂಡಿದ್ದ. ದಾರಿಯಲ್ಲಿ ಕಬ್ಬಿಣದ ತಗಡು ಹೇರಿದ್ದ ಎತ್ತಿನ ಗಾಡಿಯೊಂದು ಮುಂದೆ ಹೋಗುತ್ತಿತ್ತು. ಅದು ತಟ್ಟನೆ ನಿಂತಿತು, ಬೈಕು ಹೋಗಿ ಗುದ್ದಿತು. ಆತ ಉಳಿಯಲಿಲ್ಲ. ಮನೆಯವರು ಆ ಬೈಕಿನ ವಿಮಾ ಕಂಪನಿಯಿಂದ ಪರಿಹಾರ ಕೇಳಿದರು. ತಪ್ಪು ಯಾರದು ಅಂತ ಸಾಬೀತು ಮಾಡದೆಯೇ ಪರಿಹಾರ ಸಿಗುವ ಸೆಕ್ಷನ್ ಒಂದು ಕಾಯ್ದೆಯಲ್ಲಿ ಇತ್ತು. ಅದರ ಅಡಿಯಲ್ಲಿ ಕೇಳಿದ್ದು.

ಕೇಸು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2009ರಲ್ಲಿ ಕೋರ್ಟು ಹೇಳಿದ್ದು: ಗಾಡಿ ಎರವಲು ಪಡೆದವರು ಅದರ ಮಾಲೀಕರ ಸ್ಥಾನದಲ್ಲೇ ನಿಂತ ಹಾಗೆ. ಪರಿಹಾರ ಕೊಡಬೇಕಾದ ಜಾಗದಲ್ಲಿ ಇರುವವರೇ ಆ ಸೆಕ್ಷನ್ ಅಡಿಯಲ್ಲಿ ಪರಿಹಾರ ಕೇಳೋದಕ್ಕೆ ಬರೋದಿಲ್ಲ. 2020ರಲ್ಲಿ ಇನ್ನೊಂದು ಪ್ರಕರಣದಲ್ಲೂ ಇದೇ ಮಾತು ಬಂತು.

ಯೋಚಿಸಿ ನೋಡಿ. ನಿಮ್ಮ ಕಾರು ಗುದ್ದಿಸಿಕೊಂಡವರಿಗೆ ವಿಮೆ ಇದೆ, ನಿಮ್ಮ ಕಾರಿಗೂ ಇದೆ. ಆದರೆ ತನ್ನ ತಪ್ಪಿನಿಂದಲೇ ಆದ ಅಪಘಾತದಲ್ಲಿ ಕಾರು ತಗೊಂಡು ಹೋದ ಮೈದುನನಿಗೇ ಏನಾದರೂ ಆದರೆ, ಅವನ ಹೆಂಡತಿ ಮಕ್ಕಳಿಗೆ ನಿಮ್ಮ ಪಾಲಿಸಿಯಿಂದ ಹೆಚ್ಚೇನೂ ಸಿಗಲಾರದು. ಅವನಿಗೆ ಅಂತಲೇ ಒಂದು ಪರ್ಸನಲ್ ಆಕ್ಸಿಡೆಂಟ್ ಪಾಲಿಸಿ ಇರಬೇಕು. ಪದೇ ಪದೇ ಕಾರು ತಗೊಂಡು ಹೋಗುವವರಿಗೆ ಇದನ್ನು ಹೇಳಿ. ಅದು ನಿಜವಾದ ಕಾಳಜಿ.

ಹೋಗೋದು ನಿಮ್ಮ ಬೋನಸ್ಸು

ಎಲ್ಲ ಸರಿ ಇದೆ. ಲೈಸೆನ್ಸ್ ಇದೆ, ಪಾಲಿಸಿ ಇದೆ, ಯಾರಿಗೂ ಪೆಟ್ಟಾಗಿಲ್ಲ. ಬಂಪರ್ ಒಡೆದಿದೆ ಅಷ್ಟೇ. ‘ಇನ್ಶೂರೆನ್ಸ್ ಇದೆಯಲ್ಲ ಅತ್ತಿಗೆ, ಕ್ಲೇಮ್ ಮಾಡಿದರಾಯ್ತು’ ಅಂತಾನೆ. ಸ್ವಲ್ಪ ತಾಳಿ, ಲೆಕ್ಕ ಹಾಕೋಣ. ದಿನಸಿ ಚೀಟಿಯ ಹಾಗೇ ಸರಳ ಲೆಕ್ಕ.

ಬಂಪರಿನ ಬೆಲೆ 8,000 ರೂಪಾಯಿ ಅಂತ ಇಟ್ಟುಕೊಳ್ಳಿ. ಬಂಪರ್-ಟು-ಬಂಪರ್ ಪಾಲಿಸಿ ಅಲ್ಲದಿದ್ದರೆ ಪ್ಲಾಸ್ಟಿಕ್ ಭಾಗಕ್ಕೆ ಸವಕಲು ಅಂತ ಅರ್ಧ ಕಳೀತಾರೆ. ಉಳಿಯೋದು 4,000. ಅದರಲ್ಲಿ ಕಡ್ಡಾಯ ಕಡಿತ ಅಂತ 1500 ಸಿಸಿವರೆಗಿನ ಕಾರಿಗೆ 1,000 ಹೋಗುತ್ತೆ. ಕೈಗೆ ಬರೋದು 3,000.

ಈಗ ಹೋಗೋದನ್ನು ನೋಡಿ. ವರ್ಷ ವರ್ಷ ಕ್ಲೇಮ್ ಮಾಡದೆ ಇದ್ದವರಿಗೆ ನೋ ಕ್ಲೇಮ್ ಬೋನಸ್ ಇರುತ್ತೆ. ಮೊದಲ ವರ್ಷದ ನಂತರ ಶೇ 20, ಆಮೇಲೆ 25, 35, 45, ಕೊನೆಗೆ 50. ಓನ್ ಡ್ಯಾಮೇಜ್ ಪ್ರೀಮಿಯಂ 10,000 ಅಂತಾದರೆ ಶೇ 50 ಬೋನಸ್ ಇರುವವರು ಕಟ್ಟೋದು 5,000. ಒಂದು ಕ್ಲೇಮ್ ಮಾಡಿದರೆ ಬೋನಸ್ ಸೊನ್ನೆ! ಮುಂದಿನ ವರ್ಷ 10,000, ಆಮೇಲೆ 8,000, 7,500, 6,500, 5,500. ಪ್ರೀಮಿಯಂ ಬದಲಾಗಲಿಲ್ಲ ಅಂತಲೇ ಹಿಡಿದರೂ ಮತ್ತೆ 5,000ಕ್ಕೆ ಇಳಿಯುವ ಹೊತ್ತಿಗೆ ನೀವು ಹೆಚ್ಚಿಗೆ ಕಟ್ಟಿರೋದು 12,500 ರೂಪಾಯಿ. 3,000ಕ್ಕೋಸ್ಕರ 12,500!

ಈ ಬೋನಸ್ ಪಾಲಿಸಿದಾರರದ್ದು. ಗುದ್ದಿದವನದ್ದಲ್ಲ. ಅವನು ಕೀ ವಾಪಸ್ ಕೊಟ್ಟು ಹೋಗ್ತಾನೆ, ಐದು ವರ್ಷ ಹೆಚ್ಚಿಗೆ ಕಟ್ಟೋರು ನೀವು. ಅದಕ್ಕೇ ಸಣ್ಣ ಪುಟ್ಟ ರಿಪೇರಿಯನ್ನು ಕಾರು ತಗೊಂಡು ಹೋದವರೇ ಮಾಡಿಸಿಕೊಡಲಿ. ಮರ್ಯಾದಸ್ಥರು ತಾವಾಗೇ ಮುಂದೆ ಬರ್ತಾರೆ. ಬರದಿದ್ದರೆ ಕೇಳೋದರಲ್ಲಿ ತಪ್ಪೇನಿಲ್ಲ.

ಡ್ರೈವರ್, ವ್ಯಾಲೆ, ಬಾಡಿಗೆ, ಮಾರಿದ ಕಾರು

ತಿರುಪತಿಗೆ, ಧರ್ಮಸ್ಥಳಕ್ಕೆ ಹೋಗುವಾಗ ಆಕ್ಟಿಂಗ್ ಡ್ರೈವರ್ ಕರೆಸ್ತೀವಿ. ಅವರ ಲೈಸೆನ್ಸ್ ನೋಡಿ, ಫೋಟೋ ಇಟ್ಟುಕೊಳ್ಳಿ. ಸಂಬಳದ ಡ್ರೈವರ್ ಇದ್ದರೆ ಅವರಿಗೆ ಪಾಲಿಸಿಯಲ್ಲಿ ಪ್ರತ್ಯೇಕ ಕವರ್ ಸೇರಿಸಬಹುದು. ಅದರ ಪ್ರೀಮಿಯಂ ಬಹಳ ಕಡಿಮೆ. ದಿನವೂ ನಮ್ಮ ಮಕ್ಕಳನ್ನು ಸ್ಕೂಲಿಗೆ ಬಿಡುವವರಿಗೆ ಅಷ್ಟಾದರೂ ಮಾಡೋಣ.

ಮದುವೆ, ಹೋಟೆಲು ಅಂತ ಹೋದಾಗ ವ್ಯಾಲೆಯವರ ಕೈಗೆ ಕೀ ಕೊಡ್ತೀವಿ. ಟೋಕನ್ ಹಿಂದೆ ‘ನಿಮ್ಮದೇ ಹೊಣೆ’ ಅಂತ ಅಚ್ಚಾಗಿರುತ್ತೆ. ದೆಹಲಿಯ ಹೋಟೆಲೊಂದರಲ್ಲಿ ವ್ಯಾಲೆಗೆ ಕೊಟ್ಟ ಕಾರು ಕಳುವಾದ ಕೇಸಿನಲ್ಲಿ 2019ರಲ್ಲಿ ಸುಪ್ರೀಂ ಕೋರ್ಟು, ನಿರ್ಲಕ್ಷ್ಯವಿದ್ದರೆ ಬರೀ ಹಾಗೆ ಅಚ್ಚು ಹಾಕಿದ ಮಾತ್ರಕ್ಕೆ ಹೋಟೆಲ್ ತಪ್ಪಿಸಿಕೊಳ್ಳಲಾಗದು ಅಂದಿದೆ. ಟೋಕನನ್ನು ಜೋಪಾನವಾಗಿಡಿ.

ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ಓಡಿಸಲು ಯಾರಿಗೂ ಕೊಡಬೇಡಿ. ‘ಏರ್‌ಪೋರ್ಟ್ ಡ್ರಾಪ್ ಒಂದಿದೆ, ದುಡ್ಡು ಹಂಚಿಕೊಳ್ಳೋಣ’ ಅಂದರೂ ಬೇಡ. ಖಾಸಗಿ ಪಾಲಿಸಿಯಲ್ಲಿ ಬಾಡಿಗೆ ಓಡಾಟಕ್ಕೆ ವಿಮೆ ಇಲ್ಲ. ಕುಡಿದು ಓಡಿಸಿದರೂ ಅಷ್ಟೇ, ಕಾರಿನ ನಷ್ಟಕ್ಕೆ ಹಣ ಬರೋದಿಲ್ಲ.

ಹಳೇ ಕಾರು ಮಾರಿದಿರಾ? ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೂ ನಿರಾಳ ಆಗಬೇಡಿ. ಮಾರಿದ ಮೇಲೂ ದಾಖಲೆಯಲ್ಲಿ ಹೆಸರಿರುವವರೇ ಮಾಲೀಕರು, ಹೊಣೆಯೂ ಅವರದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೊಂಡವರು ‘ಆಮೇಲೆ ಮಾಡಿಸ್ಕೋತೀನಿ’ ಅಂದರೆ ಒಪ್ಪಬೇಡಿ.

ಮಗ ಹದಿನೇಳು, ಕಾರು ಹೊಸದು

‘ಅಪಾರ್ಟ್‌ಮೆಂಟ್ ಒಳಗೇ ಅಲ್ವಾ’, ‘ಈ ಕ್ರಾಸ್‌ನಿಂದ ಆ ಕ್ರಾಸ್‌ಗೆ ಅಷ್ಟೇ ಅಲ್ವಾ’ ಅಂತ ಮಗನ ಕೈಗೆ ಕೀ ಕೊಡುವ ತಂದೆಯರನ್ನು ನೋಡಿದ್ದೀರಿ. ತಾಯಂದಿರೂ ಮುಸಿಮುಸಿ ನಗ್ತಾ ವಿಡಿಯೋ ಮಾಡಿಕೊಳ್ತಾರೆ. 2019ರಲ್ಲಿ ಕಾಯ್ದೆಗೆ ಸೇರಿದ 199ಎ ಸೆಕ್ಷನ್ ಬಹಳ ಕಟು. 18 ತುಂಬದವರು ಅಪರಾಧ ಮಾಡಿದರೆ ಪೋಷಕರನ್ನು ಅಥವಾ ಮಾಲೀಕರನ್ನು ತಪ್ಪಿತಸ್ಥರು ಅಂತಲೇ ಪರಿಗಣಿಸಲಾಗುತ್ತದೆ. 3 ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ. ಕಾರಿನ ನೋಂದಣಿ 12 ತಿಂಗಳು ರದ್ದು. ಮಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ‘ನನಗೆ ಗೊತ್ತೇ ಇರಲಿಲ್ಲ’ ಅಂದರೆ ಅದನ್ನು ಸಾಬೀತು ಮಾಡುವ ಭಾರವೂ ನಮ್ಮದೇ.

2024ರ ಮೇ ತಿಂಗಳಲ್ಲಿ ಪುಣೆಯಲ್ಲಿ ಏನಾಯಿತು ನೆನಪಿದೆಯಲ್ಲ? 17ರ ಹುಡುಗ ಓಡಿಸುತ್ತಿದ್ದ ಅಂತ ಪೊಲೀಸರು ಹೇಳಿದ ಕಾರು ಇಬ್ಬರು ಯುವ ಎಂಜಿನಿಯರ್‌ಗಳ ಪ್ರಾಣ ತೆಗೆಯಿತು. ಅವರಿಗೂ ಅಪ್ಪ ಅಮ್ಮ ಇದ್ದರು. ಯಾವ ವಿಮೆ ತುಂಬಿಕೊಡುತ್ತೆ ಅದನ್ನು? ಕೀಯನ್ನು ಬಾಗಿಲ ಹಿಂದಿನ ಮೊಳೆಯಿಂದ ಬೀರುವಿನೊಳಗೆ ಸಾಗಿಸೋದಕ್ಕೆ ಇಷ್ಟು ಕಾರಣ ಸಾಕು.

‘ಅವರೇ ಓಡಿಸ್ತಿದ್ರು ಅಂತ ಹೇಳಿಬಿಡೋಣ’

ಅಪಘಾತ ಆದ ಮನೆಯಲ್ಲಿ ಮೊದಲು ಹುಟ್ಟೋದು ಈ ಮಾತು. ಹುಡುಗನಿಗೆ ಲೈಸೆನ್ಸ್ ಇಲ್ಲ, ಯಜಮಾನರಿಗೆ ಇದೆ. ಕ್ಲೇಮ್ ಫಾರಂನಲ್ಲಿ ಅವರ ಹೆಸರು ಬರೆದರಾಯ್ತು ಅಂತ ಯಾರೋ ಹಿರಿಯರೇ ಸಲಹೆ ಕೊಡ್ತಾರೆ. ದಯವಿಟ್ಟು ಇದಕ್ಕೆ ಒಪ್ಪಬೇಡಿ. ಈಗ ಅಂಗಡಿ, ಸಿಗ್ನಲ್ಲು, ಎದುರು ಮನೆ ಗೇಟು ಎಲ್ಲ ಕಡೆ ಸಿಸಿಟಿವಿ ಇದೆ. ಸುಳ್ಳು ಗೊತ್ತಾದರೆ ಕಂಪನಿ ಕ್ಲೇಮ್ ತಿರಸ್ಕರಿಸುತ್ತದೆ. ಪೊಲೀಸರ ಮುಂದೆ, ಕೋರ್ಟಿನ ಮುಂದೆ ಹೇಳಿದ ಸುಳ್ಳಿಗೆ ಬೇರೆ ಕೇಸು. ಅದಕ್ಕಿಂತ ಹೆಚ್ಚಾಗಿ, ಮಾಡದ ತಪ್ಪಿನ ಕ್ರಿಮಿನಲ್ ಕೇಸನ್ನು ನಿಮ್ಮ ಯಜಮಾನರು ತಲೆ ಮೇಲೆ ಎಳೆದುಕೊಂಡ ಹಾಗೆ. ಹಣ ಹೋದರೆ ಹೇಗೋ ಸಂಪಾದಿಸಬಹುದು, ಸುಳ್ಳಿನಿಂದ ಹೊರಗೆ ಬರೋದು ಕಷ್ಟ.

ಗುದ್ದಿದ ಸುದ್ದಿ ಬಂದ ತಕ್ಷಣ...

* ಪೆಟ್ಟಾದವರು ಮೊದಲು, ಕಾರು ಆಮೇಲೆ. ಗಾಯಾಳುಗಳನ್ನು ಆಸ್ಪತ್ರೆಗೆ ಸೇರಿಸಲು ನೆರವಾಗುವುದು ಓಡಿಸಿದವರ ಕರ್ತವ್ಯ ಅಂತ ಕಾಯ್ದೆಯೇ ಹೇಳುತ್ತದೆ. 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು.

* ವಿಮಾ ಕಂಪನಿಗೆ ಕೂಡಲೇ ಫೋನ್ ಮಾಡಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ಸರ್ವೇಯರ್ ನೋಡುವ ಮುಂಚೆ ರಿಪೇರಿಗೆ ಕೈ ಹಾಕಬೇಡಿ.

* ಕಾರು, ರಸ್ತೆ, ಎದುರಿನ ವಾಹನದ ನಂಬರ್ ಎಲ್ಲದರ ಫೋಟೋ ತೆಗೆಸಿ.

* ಆರ್‌ಸಿ, ಪಾಲಿಸಿ ಜತೆಗೆ ಆ ಹೊತ್ತಿಗೆ ಓಡಿಸುತ್ತಿದ್ದವರ ಲೈಸೆನ್ಸ್ ಬೇಕು. ಡಿಜಿಲಾಕರ್‌ನಲ್ಲಿ ಇರುವುದೂ ನಡೆಯುತ್ತದೆ.

* ರಸ್ತೆಯಲ್ಲೇ ‘ಇಷ್ಟು ಕೊಟ್ಟುಬಿಡ್ತೀವಿ’ ಅಂತ ಯಾರಿಗೂ ಬರೆದುಕೊಡಬೇಡಿ. ಕಂಪನಿಯನ್ನು ಕೇಳದೆ ಹೊಣೆ ಒಪ್ಪಿಕೊಂಡರೆ ಅದೇ ತಕರಾರಾಗುತ್ತದೆ.

* ಸರಿಯಾದ ಕ್ಲೇಮನ್ನು ಕಂಪನಿ ನಿರಾಕರಿಸಿದರೆ, ಅಥವಾ ಬರವಣಿಗೆಯ ದೂರಿಗೆ ಒಂದು ತಿಂಗಳಾದರೂ ಉತ್ತರ ಬರದಿದ್ದರೆ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕದ ಕಚೇರಿ ಜೆ.ಪಿ. ನಗರ 1ನೇ ಹಂತದ ಜೀವನ್ ಸೌಧದಲ್ಲಿ. ಫೀಸು ಇಲ್ಲ, ವಕೀಲರೂ ಬೇಡ. 50 ಲಕ್ಷದವರೆಗಿನ ದೂರು ಕೊಡಬಹುದು. ವಿಮಾ ನಿಯಂತ್ರಣ ಪ್ರಾಧಿಕಾರದ ಸಹಾಯವಾಣಿ 155255.

ಕೇಳೋದು ಹೇಗೆ?

‘ಇದೆಲ್ಲ ಸರಿ, ಮುಖ ನೋಡಿಕೊಂಡು ಲೈಸೆನ್ಸ್ ಕೇಳೋದು ಹೇಗ್ರೀ? ಏನಂದುಕೊಳ್ತಾರೋ’ ಅಂತೀರಾ? ಒಂದು ಸುಲಭ ದಾರಿ ಇದೆ. ಎಲ್ಲರಿಗೂ ಕೇಳಿ. ತವರಿನವರು ಬಂದರೂ ಕೇಳಿ, ಅತ್ತೆ ಮನೆಯವರು ಬಂದರೂ ಕೇಳಿ. ಒಬ್ಬರಿಗೆ ಕೇಳಿ ಇನ್ನೊಬ್ಬರನ್ನು ಬಿಟ್ಟರೆ ಅದು ಅವಮಾನ, ಎಲ್ಲರಿಗೂ ಕೇಳಿದರೆ ಅದು ಮನೆಯ ಪದ್ಧತಿ. ಚಪ್ಪಲಿ ಹೊರಗೆ ಬಿಟ್ಟು ಬನ್ನಿ ಅಂದರೆ ಯಾರಾದರೂ ಬೇಜಾರು ಮಾಡಿಕೊಳ್ತಾರಾ?

‘ತಗೊಂಡು ಹೋಗಪ್ಪಾ, ಅದಕ್ಕೇನಂತೆ. ನಿನ್ನ ಡಿಎಲ್‌ದೊಂದು ಫೋಟೋ ವಾಟ್ಸಾಪ್ ಮಾಡಿಬಿಡು, ಇನ್ಶೂರೆನ್ಸ್‌ಗೆ ಬೇಕಾಗುತ್ತೆ’ ಅನ್ನಿ. ಇಷ್ಟು ಸಾಕು. ಲೈಸೆನ್ಸ್ ಇದ್ದವರು ನಗುನಗುತ್ತಾ ಕಳಿಸ್ತಾರೆ. ಇಲ್ಲದವರು ‘ಇರಲಿ ಬಿಡಿ, ಆಟೋದಲ್ಲೇ ಹೋಗ್ತೀನಿ’ ಅಂತಾರೆ. ಹಾಗಂದವರಿಗೆ ಒಂದು ಲೋಟ ಕಾಫಿ ಕೊಟ್ಟು ಕಳಿಸಿ. ಅವತ್ತು ನೀವು ಉಳಿಸಿದ್ದು ನಿಮ್ಮ ಸೈಟು, ಎಫ್‌ಡಿ ಮಾತ್ರ ಅಲ್ಲ. ರಸ್ತೆ ಬದಿಯಲ್ಲಿ ಕೂತ ಯಾರದೋ ಮನೆಯ ಹೆಣ್ಣುಮಗಳನ್ನೂ ಉಳಿಸಿರಬಹುದು.

ದಾಕ್ಷಿಣ್ಯ ಒಳ್ಳೆಯ ಗುಣವೇ. ಅದನ್ನು ಊಟಕ್ಕೆ ಬಂದವರಿಗೆ ಇನ್ನೊಂದು ಒಬ್ಬಟ್ಟು ಬಡಿಸುವಾಗ ಇಟ್ಟುಕೊಳ್ಳೋಣ. ಕೀ ಕೊಡುವಾಗ ಬೇಡ. ಏನಂತೀರಿ?